ಬೈಗುಳದ ನೆಂಟಸ್ತಿಕೆ

ನಮ್ಮ ಪೊಲೀಸ್ ಠಾಣೆಗಳ ದೂರುಗಳಲ್ಲಿಯೂ ಅವನ್ನು ಅನುಸರಿಸಿ ಬರುವ ಪತ್ರಿಕಾ ವರದಿಗಳಲ್ಲಿಯೂ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬುದೊಂದು ಸಿದ್ಧವಾಕ್ಯವುಂಟು. ಉಚ್ಚರಿಸಬಾರದ ಶಬ್ದವನ್ನು ಒಬ್ಬನು ಉಚ್ಚರಿಸಿ, ಹತ್ತು ಜನ ಕೇಳಿ, ದಫೇದಾರನು ಬರೆದುಕೊಂಡ ಮೇಲೆಯೂ ಅದು ಅವಾಚ್ಯವಾಗಿಯೇ ಉಳಿಯುವುದು ಕಚೇರಿಯ ಭಾಷೆಯ ಒಂದು ಚಮತ್ಕಾರ. 1860ರ ದಂಡಸಂಹಿತೆಯಲ್ಲಿ 504ನೆಯ ಕಲಮಾಗಿದ್ದ ಉದ್ದೇಶಪೂರ್ವಕ ಅಪಮಾನವು 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ 352ನೆಯದಾಗಿದೆ. ಅಂಕೆ ಬದಲಾದರೂ ಕಾನೂನು ಕೇಳುವ ಪ್ರಶ್ನೆ ಬದಲಾಗಿಲ್ಲ. ಆಡಿದ ಶಬ್ದ ಯಾವುದೆಂಬುದಕ್ಕಿಂತ, ಕೇಳಿದವನು ಕೆರಳಿ ಶಾಂತಿಭಂಗವಾಗಲೆಂದೋ, ಆದೀತೆಂದು ತಿಳಿದೋ ಆಡಿದನೆ ಎಂಬುದೇ ಅಲ್ಲಿ ಮುಖ್ಯ. ಈ ಒಂದು ವಿಷಯದಲ್ಲಿ ಕಾನೂನು ನಮ್ಮ ಸಭ್ಯಜನರಿಗಿಂತ ವಿವೇಕಿಯೆಂದು ನಾನು ಭಾವಿಸುತ್ತೇನೆ.

ಮಧುಗಿರಿ, ಕೊರಟಗೆರೆಗಳ ಹಳ್ಳಿಗಳಲ್ಲಿ, ದೀಪ ಹಚ್ಚುವ ಹೊತ್ತಾದರೂ ಮನೆ ಸೇರದ ಮೊಮ್ಮಗನನ್ನು ಅಜ್ಜಿಯು ‘ಎಲ್ಲೋಗಿದ್ಯೋ ಮುಂಡೇದೆ, ಮುದ್ದೆ ಆರೋಯ್ತು, ಉಣ್ಬಾರ್ದಾ’ ಎಂದು ಗದರಿದರೆ, ಆ ವಾಕ್ಯದಲ್ಲಿ ಮುದ್ದೆಗಿಂತ ಬಿಸಿಯಾದ ವಾತ್ಸಲ್ಯವಿರುವುದನ್ನು ಹುಡುಗನೂ ಬಲ್ಲ, ನೆರೆಮನೆಯವರೂ ಬಲ್ಲರು. ಸಿರಾದ ಕುರಿಸಂತೆಯಲ್ಲಿ ಬಹುಕಾಲದ ಮೇಲೆ ಎದುರಾದ ಇಬ್ಬರು ಗೆಳೆಯರು ‘ಬದುಕಿದ್ದೀಯೇನ್ಲಾ ಬಡ್ಡೀಮಗ್ನೆ’ ಎಂದು ಹೆಗಲ ಮೇಲೆ ಕೈಯಿಟ್ಟರೆ ಅದು ಕುಶಲಪ್ರಶ್ನೆ; ಅದೇ ಶಬ್ದ ವ್ಯಾಪಾರ ಮುರಿದ ಮೇಲೆ, ‘ಲಾ’ಕಾರದ ಸಲುಗೆ ಇಳಿದ ದನಿಯಲ್ಲಿ ಬಂದರೆ, ಕೈ ಕೈ ಮಿಲಾಯಿಸುವುದಕ್ಕೆ ತಡವಿಲ್ಲ. ಮದುವೆಯ ಮನೆಯಲ್ಲಿ ಬೀಗರನ್ನು ಜರೆದು ಹೆಂಗಸರು ಹಾಡುವ ಹಾಡುಗಳನ್ನು ಬರೆದುಕೊಂಡು ಬೇರೊಂದು ದಿನ ಬೀದಿಯಲ್ಲಿ ನಿಂತು ಓದಿದರೆ ಯಾವ ನೆಂಟಸ್ತಿಕೆಯೂ ಉಳಿಯಲಾರದು. ಆದರೂ ಚಪ್ಪರದ ಕೆಳಗೆ ಆ ಬೈಗುಳವಿಲ್ಲದಿದ್ದರೆ ಬೀಗರಿಗೇ ಸಮಾಧಾನವಿರದು. ಕೊಡಗಿನ ದೇವರಪುರದ ಕುಂಡೆಹಬ್ಬದಲ್ಲಂತೂ ಭಕ್ತರು ದೇವರನ್ನೇ ಬೈದು ಹರಕೆ ತೀರಿಸುತ್ತಾರೆ.

ಪದವು ಹುಟ್ಟಿದ ಮನೆಯೇ ಬೇರೆ, ಬಾಳುವ ಮನೆಯೇ ಬೇರೆ. ಪಾವಗಡದಿಂದ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನದಲ್ಲಿ ‘ದೇವಾನಾಂಪಿಯ’ ಎಂಬುದು ಚಕ್ರವರ್ತಿಯ ಬಿರುದು. ಆದರೆ ಸಂಸ್ಕೃತ ವ್ಯಾಕರಣ ಪರಂಪರೆಯಲ್ಲಿ ‘ದೇವಾನಾಂಪ್ರಿಯ’ನೆಂದರೆ ಮೂರ್ಖನೆಂದೇ ಅರ್ಥ ನಿಂತಿತು. ಸಾಮ್ರಾಟನಿಗೇ ಈ ಗತಿಯಾದ ಮೇಲೆ ಸಿರಾ ಸೀಮೆಯ ಬೇವಾರ್ಸಿಯ ಪಾಡೇನು! 1687ರಿಂದ ಮೊಗಲರ ಸುಭಾದ ಕೇಂದ್ರವಾಗಿ, 1761ರಲ್ಲಿ ಹೈದರಾಲಿಯ ವಶವಾದ ಸಿರಾದಂಥ ಊರುಗಳ ದಫ್ತರಗಳಲ್ಲಿ ಪಾರಸಿಯೇ ರಾಜಭಾಷೆಯಾಗಿತ್ತು. ವಾರಸುದಾರನಿಲ್ಲದ ಸ್ವತ್ತಿಗೆ ಆ ಭಾಷೆಯಲ್ಲಿ ಹೇಳುತ್ತಿದ್ದ ‘ಬೇವಾರಸು’ ಎಂಬ ನಿರುಪದ್ರವಿ ಪದವೇ ಕಚೇರಿಯಿಂದ ಬೀದಿಗಿಳಿದು ತಂದೆತಾಯಿಗಳ ಹಂಗಿಲ್ಲದವನೆಂಬ ಬೈಗುಳವಾಯಿತು. ಜೀವನೋಪಾಯ ಕೆಟ್ಟದ್ದೆಂಬಷ್ಟೇ ಅರ್ಥದ ‘ಬದ್ಮಾಷ್’ ಮನುಷ್ಯನನ್ನೇ ಕೆಟ್ಟವನನ್ನಾಗಿ ಮಾಡಿತು.

ಇಷ್ಟಾದರೂ ಎಲ್ಲವನ್ನೂ ಸಲುಗೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಜಾತಿಯ ಹೆಸರನ್ನೇ ಬೈಗುಳವಾಗಿಸುವ ಮಾತಿಗೆ ಈ ವಿನಾಯಿತಿ ಸಲ್ಲದು. ಅದಕ್ಕೆ 1989ರ ದೌರ್ಜನ್ಯ ತಡೆ ಕಾಯಿದೆಯಿದೆ, ಇರತಕ್ಕದ್ದು. ಕಾನೂನು ಮುಟ್ಟದ ಇನ್ನೊಂದು ಸಂಗತಿಯೂ ಉಂಟು. ‘ಮುಂಡೇದು’ ಎಂಬುದರ ಮೂಲವು ತಲೆ ಬೋಳಿಸಿದ ವಿಧವೆ, ‘ಬೋಳಿಮಗ’ನ ತಾಯಿಯೂ ಅವಳೇ, ಮೂರು ದಿಕ್ಕಿಗೂ ಆಂಧ್ರವನ್ನು ಇರಿಸಿಕೊಂಡ ಪಾವಗಡದಲ್ಲಿ ತೆಲುಗಿನ ‘ವೆಧವ’ವು ಗಂಡಸರಿಗೆ ಅನ್ವಯಿಸುವುದನ್ನು ದಿನವೂ ಕೇಳಬಹುದು, ಅದೂ ಸಾಕ್ಷಾತ್ ‘ವಿಧವಾ’ ಶಬ್ದವೇ. ಎರಡು ಭಾಷೆಗಳೂ ಸೇರಿ ಬೈಯುವುದಕ್ಕೆ ಆರಿಸಿಕೊಂಡದ್ದು ಗಂಡನನ್ನು ಕಳೆದುಕೊಂಡ ನಿರಪರಾಧಿನಿಯನ್ನೇ ಎಂಬುದು ನಮ್ಮ ಸಮಾಜದ ವಿಷಯದಲ್ಲಿ ಅನೇಕ ಉಪನ್ಯಾಸಗಳಿಗಿಂತ ಹೆಚ್ಚನ್ನು ಹೇಳುತ್ತದೆ. ಮೊಮ್ಮಗನನ್ನು ಹಾಗೆ ಕರೆಯುವ ಅಜ್ಜಿ ಎಷ್ಟೋ ವೇಳೆ ತಾನೇ ವಿಧವೆ. ಆಕೆಯ ಬಾಯಿಂದ ಆ ಪದವನ್ನು ಕಿತ್ತುಕೊಳ್ಳುವ ಅಧಿಕಾರ ನನಗಿಲ್ಲ. ಸಭೆಯಲ್ಲಿ ಎದುರಾಳಿಯನ್ನು ಹಾಗೆ ಕರೆಯುವ ಗಂಡಸಿಗೆ ಆ ಸಲುಗೆಯನ್ನು ಕೊಟ್ಟವರಾರು?

ಇನ್ನು ಇಂಗ್ಲಿಷಿನ ಮಾತು. ಈ ಊರುಗಳ ಬಸ್ ನಿಲ್ದಾಣಗಳಲ್ಲಿ ಮೊಬೈಲು ಹಿಡಿದ ಹುಡುಗರ ಬಾಯಲ್ಲಿ ‘ಶಿಟ್’, ‘ಡ್ಯಾಮ್’, ‘ಬ್ಲಡಿ’ಗಳು ಬೀಳುವಷ್ಟು ಸಲೀಸಾಗಿ ನಮ್ಮ ಹಳೆಯ ಬೈಗುಳಗಳು ಬೀಳುವುದಿಲ್ಲ. (ಸಿರಾ ಕಡೆಯ ವೃದ್ಧರಿಗೆ ಡ್ಯಾಮ್ ಎಂದರೆ ಹಿರಿಯೂರಿನ ಮಾರಿಕಣಿವೆ; ಅಲ್ಲಿ ನೀರು ಬಂದಿತೋ ಎಂದು ಅವರು ಕೇಳಿದರೆ ತಪ್ಪಿಲ್ಲ.) ಇಂಗ್ಲಿಷಿನ ಸ್ವಂತ ಮನೆಯಲ್ಲಿ ಈ ಪದಗಳಿಗೂ ಇದೇ ಬಗೆಯ ಚರಿತ್ರೆಯುಂಟು. 1914ರಲ್ಲಿ ಲಂಡನ್ನಿನ ರಂಗಭೂಮಿಯ ಮೇಲೆ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ನಾಯಿಕೆ ‘ಬ್ಲಡಿ’ ಎಂದದ್ದಕ್ಕೆ ಪತ್ರಿಕೆಗಳಲ್ಲೆಲ್ಲ ಗದ್ದಲವೆದ್ದಿತು. 1956ರಲ್ಲಿ ಅದೇ ಕಥೆ ‘ಮೈ ಫೇರ್ ಲೇಡಿ’ ಎಂಬ ಗೀತನಾಟಕವಾದಾಗ, ಆ ಪದದ ಬಿಸಿ ಆರಿಹೋಗಿದ್ದುದರಿಂದ, ಕುದುರೆಪಂದ್ಯದ ದೃಶ್ಯದಲ್ಲಿ ಪೃಷ್ಠವಾಚಕವಾದ ಬೇರೊಂದು ಶಬ್ದವನ್ನು ಆಕೆಯ ಬಾಯಲ್ಲಿಡಬೇಕಾಯಿತು. ‘ಶಿಟ್’ ಎಂಬುದು ಅಲ್ಲಿ ಮಲವೂ ಹೌದು, ಹುಸಿಮಾತೂ ಹೌದು, ಅಯ್ಯೋ ಎಂಬ ಉದ್ಗಾರವೂ ಹೌದು, ಅಮೆರಿಕದ ಕೆಲವರಲ್ಲಿ ಅತಿಶ್ರೇಷ್ಠವೆಂಬ ಪ್ರಶಂಸೆಯೂ ಹೌದು. ಪುಂಡುತನ ಮಾಡುವ ಕೂಸನ್ನು ಮುದ್ದಿಗೆ ‘ರಾಸ್ಕಲ್’ ಎನ್ನುವುದು ಅವರ ವಾಡಿಕೆ; ನಮ್ಮಲ್ಲಿ ಅದನ್ನಂದರೆ ಪಂಚಾಯಿತಿ ಸೇರಬೇಕು. ಕೆಲಸವಿಲ್ಲದೆ ಅಲೆಯುವವನಷ್ಟೇ ಆಗಿದ್ದ ‘ಲೋಫರ್’ ನಮ್ಮಲ್ಲಿ ಶೀಲಗೆಟ್ಟವನಾದನು. ಬೆಂಗಳೂರಿನ ಅಂಗಡಿಗಳಲ್ಲಿ ಆತನೇ ಒಂದು ಜೊತೆ ಪಾದರಕ್ಷೆಯಾಗಿ ಮಾರಾಟವಾಗುತ್ತಿದ್ದಾನೆ.

ಭಾಷೆಯಿಂದ ಭಾಷೆಗೆ ಶಬ್ದ ದಾಟುವುದರಲ್ಲಿ ನನಗೆ ಆಕ್ಷೇಪವಿಲ್ಲ, ಬೇವಾರ್ಸಿ ದಾಟಲಿಲ್ಲವೆ? ನನ್ನ ಆಕ್ಷೇಪವಿರುವುದು ನಮ್ಮ ಎರಡು ತಕ್ಕಡಿಗಳಲ್ಲಿ. ಮಗುವು ಕೈಯಲ್ಲಿದ್ದ ಲೋಟ ಬೀಳಿಸಿ ‘ಶಿಟ್’ ಎಂದರೆ ಇಂಗ್ಲಿಷ್ ಬಂದಿತೆಂದು ಹಿಗ್ಗುವ ತಂದೆಯೇ, ಅದೇ ಪದಾರ್ಥದ ಹೆಸರನ್ನು ಅದು ಕನ್ನಡದಲ್ಲಿ ಹೇಳಿದರೆ ಬಾಯಿಯ ಮೇಲೆ ಬಾರಿಸುತ್ತಾನೆ. ಹಳ್ಳಿಯಿಂದ ಬಂದ ಹುಡುಗನು ತರಗತಿಯಲ್ಲಿ ಗೆಳೆಯನನ್ನು ‘ಬಡ್ಡೀಮಗ’ನೆಂದರೆ ಒರಟನೆನಿಸುತ್ತಾನೆ, ಪಟ್ಟಣದ ಹುಡುಗನು ‘ಬ್ಲಡಿ ಫೂಲ್’ ಎಂದರೆ ಚುರುಕಿನವನೆನಿಸುತ್ತಾನೆ. ಮೊದಲನೆಯವನಿಗೆ, ಯಾರಿಗೆ ಅನ್ನಬಹುದು, ಯಾರಿಗೆ ಅನ್ನಬಾರದು, ಯಾವ ದನಿಯಲ್ಲಿ ಅಂದರೆ ಪೆಟ್ಟು ಬೀಳುತ್ತದೆ ಎಂಬ ಶಿಕ್ಷಣ ಅಜ್ಜಿಯಿಂದಲೂ ಸಂತೆಯಿಂದಲೂ ದೊರೆತಿದೆ; ಪರದೆಯ ಮೇಲಿನಿಂದ ಪದವನ್ನು ಎತ್ತಿಕೊಂಡ ಎರಡನೆಯವನಿಗೆ ಅದರ ನಂಟು ಯಾರೊಡನೆ ಸಲ್ಲುವುದೆಂದು ಹೇಳಿಕೊಟ್ಟವರಿಲ್ಲ, ಹೀಗಾಗಿ ಉಪಾಧ್ಯಾಯಿನಿಯ ಎದುರಿಗೂ ಅದನ್ನೇ ಆಡಿ, ಆಕೆ ಏಕೆ ನೊಂದುಕೊಂಡಳೆಂದು ತಿಳಿಯದೆ ನಿಲ್ಲುತ್ತಾನೆ. ಇವರಿಬ್ಬರಲ್ಲಿ ಒರಟನೆಂಬ ಹೆಸರಿಗೆ ಅರ್ಹನಾರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಆದುದರಿಂದ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ಎಂಬ ಈ ನಾಲ್ಕೂ ತಾಲ್ಲೂಕುಗಳ ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನ ಬಿನ್ನಹವಿಷ್ಟೆ: ಕನ್ನಡದ ಮಾತಿಗೆ ಬೆತ್ತವನ್ನೆತ್ತುವಿರಾದರೆ ಇಂಗ್ಲಿಷಿನದಕ್ಕೂ ಎತ್ತಿರಿ, ಅದನ್ನು ಮನ್ನಿಸುವಿರಾದರೆ ಇದನ್ನೂ ಮನ್ನಿಸಿರಿ, ಎರಡಕ್ಕೂ ಮೊದಲು ಮಗುವನ್ನು ಕೂರಿಸಿಕೊಂಡು ಆ ಪದದ ಅರ್ಥವನ್ನು ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳಿರಿ.