ಎಲೆಯ ಬೆಲೆ, ಕಟ್ಟಿನ ಬೆಲೆ

ಮುದನಾಳದಲ್ಲಾಗಲಿ, ಬೇರಾವ ಊರಿನಲ್ಲಾಗಲಿ, ಚಿತ್ರದ ಎಲೆಗಳನ್ನು ಕೂಡಿಡುವ ಶಾಲಾಬಾಲಕನಿಗೆ ಅರ್ಥಶಾಸ್ತ್ರದ ಮೊದಲ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತನ್ನಲ್ಲಿ ಎರಡಾಗಿರುವ ಎಲೆ ಅಗ್ಗ. ಕಟ್ಟಿಗೆ ಕೊರೆಯಾಗಿರುವ ಎಲೆ ತುಟ್ಟಿ. ದೊಡ್ಡವರ ಸಂತೆಯೂ ಇದೇ ನ್ಯಾಯದಿಂದ ನಡೆಯುತ್ತದೆ.

ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲನ ಚಿತ್ರದ ಎಲೆಯನ್ನು ಅಚ್ಚು ಹಾಕಿತು. ಅದರ ಒಂದು ಪ್ರತಿ 2022ರ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಕಾರಣ ಅದರ ಪ್ರಾಚೀನತೆಯಲ್ಲ; ಅದರ ಮೂಲೆಗಳು ಸವೆದಿರಲಿಲ್ಲ, ಬಣ್ಣ ಮಾಸಿರಲಿಲ್ಲ, ಅಂಥ ಪ್ರತಿಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಆದುದರಿಂದ ಬೆಲೆ ಕಟ್ಟುವವನು ಮಾರುವವನ ಬಾಯಿಮಾತನ್ನು ನಂಬದೆ, ಅದೇ ಸ್ಥಿತಿಯ ಎಲೆಗೆ ಕೊಂಡವನು ನಿಜವಾಗಿ ಕೊಟ್ಟ ಹಣವನ್ನು ನೋಡಬೇಕು.

ನಮ್ಮ ಗಂಜೀಫಾದ ಮಾತು ಬೇರೆ. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ದುಂಡು ಎಲೆಗಳು: ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಸಂಖ್ಯೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ 360 ಎಲೆಗಳ ಆಟದ ವಿವರವೂ ಉಂಟು. ಇಲ್ಲಿ ಒಂದು ಎಲೆ ಕಳೆದರೆ ಆಟವೇ ಕೆಡುತ್ತದೆ. ಆದರೂ ವ್ಯಾಪಾರಿಗೆ ಚೆಲುವಾದ ರಾಜನ ಎಲೆಯೇ ಬೇಕು. ಅದಕ್ಕೆ ಚೌಕಟ್ಟು ಹಾಕಿ ಗೋಡೆಗೆ ಮಾರಬಹುದು. ಚುಕ್ಕಿಚುಕ್ಕಿಯ ಸಂಖ್ಯೆಯ ಎಲೆಗಳನ್ನು ಕೇಳುವವರಾರು? ಹೀಗೆ ಬಿಡಿಬಿಡಿಯಾಗಿ ಮಾರಿ ಲಾಭ ಗಳಿಸಿದವನು ಎಲೆಗಳಿಗೆ ಬೆಲೆ ತಂದನೆನ್ನೋಣವೆ? ಆತ ಮಾರಿದ್ದು ಚಿತ್ರಗಳನ್ನು. ಅಳಿಸಿದ್ದು ಒಂದು ಆಟವನ್ನು.

ಮನೆಯಲ್ಲಿ ಬಡತನವಿರುವವನಿಗೆ ಕಟ್ಟು ಒಡೆಯಬೇಡವೆಂದು ಉಪದೇಶಿಸುವುದು ಸುಲಭ. ಆ ಭಾರವನ್ನು ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮ ವಸ್ತುಸಂಗ್ರಹಾಲಯಗಳೂ ವಿಶ್ವವಿದ್ಯಾನಿಲಯಗಳೂ ಇಡೀ ಕಟ್ಟಿಗೆ ಬಿಡಿ ಎಲೆಗಳ ಒಟ್ಟು ಬೆಲೆಗಿಂತ ಹೆಚ್ಚು ಕೊಡಲು ಸಿದ್ಧವಾಗಬೇಕು. ಒಡೆಯದಿರುವುದೇ ಲಾಭವೆಂದು ಕಂಡಾಗ ಯಾರೂ ಒಡೆಯಲಾರರು.

ಅಲ್ಲಿಯವರೆಗೆ ಉಪಾಧ್ಯಾಯರು ಮಾಡಬಹುದಾದ ಕೆಲಸವೊಂದಿದೆ. ಸುರಪುರದ ನಾಯಕರ ಕಾಲದ ಚಿತ್ರಕಲೆಯನ್ನು ಕಂಡ ಈ ಸೀಮೆಯ ಹಳೆಯ ಮನೆಗಳಲ್ಲಿ ಎಲೆಯ ಪೆಟ್ಟಿಗೆಯೋ ಚಿತ್ರದ ಹಾಳೆಯೋ ಕಂಡರೆ ಒರೆಸಲು, ಹೊಸ ಅರಗು ಬಳಿಯಲು ಬಿಡಬೇಡಿ. ಎಣಿಸಿ, ಯಾರಿಂದ ಬಂದಿತೆಂದು ಕೇಳಿ, ಬರೆದಿಡಿ. ಬೆಲೆಯ ಮಾತು ಆಮೇಲೆ ಬರಲಿ.