ತಂಗಳ ಪೆಟ್ಟಿಗೆ ಮತ್ತು ರವಿವಾರದ ಲೆಕ್ಕ

ರೆಫ್ರಿಜರೇಟರ್ ಎಂಬ ಯಂತ್ರಕ್ಕೆ ಕನ್ನಡಿಗರು ತಮಾಷೆಗಾಗಿ ಇಟ್ಟ ಹೆಸರು ‘ತಂಗಳ ಪೆಟ್ಟಿಗೆ’. ‘ಶೀತಕ’ ಎಂಬ ಶಾಸ್ತ್ರೀಯ ಶಬ್ದ ಪಠ್ಯಪುಸ್ತಕಗಳಲ್ಲಿಯೇ ಉಳಿಯಿತು. ತಂಗಳ ಪೆಟ್ಟಿಗೆ ಮಾತ್ರ ಮನೆಮಾತಾಯಿತು. ಈ ಹೆಸರಿನಲ್ಲಿ ನಗೆಯ ಜೊತೆಗೆ ಒಂದು ತೀರ್ಪೂ ಅಡಗಿದೆ. ನಿನ್ನೆಯ ಅಡುಗೆ ಇಂದಿಗೆ ಸಲ್ಲದು, ಅದನ್ನು ಕಾಪಿಡುವ ಪೆಟ್ಟಿಗೆ ಸೋಮಾರಿಗಳ ಸೊತ್ತು ಎಂಬುದೇ ಆ ತೀರ್ಪು. ವಾರದ ಅಡುಗೆಯ ಬಹುಭಾಗವನ್ನು ರಜೆಯ ದಿನ ಒಟ್ಟಿಗೆ ಮಾಡಿ, ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡುವ ರೂಢಿ ನಗರದ ಮನೆಗಳನ್ನು ಪ್ರವೇಶಿಸಿರುವ ಈ ಹೊತ್ತಿನಲ್ಲಿ ಆ ತೀರ್ಪನ್ನು ಮರುಪರಿಶೀಲಿಸುವುದು ಅಗತ್ಯವೆಂದು ನನಗೆ ತೋರುತ್ತದೆ.

ನಾನು ವಾಸಿಸುವ ಹುಬ್ಬಳ್ಳಿಯ ಕೇಶ್ವಾಪುರ ಈ ಚರ್ಚೆಗೆ ತಕ್ಕ ನೆಲೆ. 2003ರ ಏಪ್ರಿಲ್‌ನಲ್ಲಿ ನೈಋತ್ಯ ರೈಲ್ವೆ ವಲಯವು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಆರಂಭವಾದ ಮೇಲೆ, ಮೊದಲೇ ರೈಲ್ವೆಯ ನೆರಳಿನಲ್ಲಿದ್ದ ಈ ಬಡಾವಣೆಯಲ್ಲಿ ಕಚೇರಿ ನೌಕರರ ಸಂಸಾರಗಳು ಇನ್ನಷ್ಟು ನೆಲೆಯೂರಿದವು. ರೈಲು ಓಡಿಸುವವರ ಮನೆಗಳಲ್ಲಿ ಊಟಕ್ಕೆ ಹೊತ್ತುಗೊತ್ತಿಲ್ಲ. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಬೆಳಗಿನ ಏಳರಿಂದ ಒಂಬತ್ತರವರೆಗಿನ ಅವಧಿ ಯುದ್ಧಕಾಲವೇ ಸರಿ. ಇಂಥ ಮನೆಗಳು ಬೆಂಗೇರಿಯ ವಾರದ ಸಂತೆಯಿಂದ ತಂದ ತರಕಾರಿಯನ್ನು ಒಮ್ಮೆಲೇ ಹೆಚ್ಚಿ, ಬೇಯಿಸಿ, ಹೆಪ್ಪುಗಟ್ಟಿಸಿಡುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅದೇ ಮನೆಗಳ ಹಿರಿಯರಿಗೆ ಇದು ಸಮ್ಮತವಲ್ಲ. ‘ಅಡಗಿ ಅಂದ್ರ ಒಲಿ ಮ್ಯಾಲಿಂದ ಎಲಿ ಮ್ಯಾಲೆ ಬೀಳಬೇಕು’ ಎಂಬ ಮಾತನ್ನು ನಮ್ಮ ಓಣಿಯಲ್ಲಿ ನಾನು ಹಲವು ಬಾರಿ ಕೇಳಿದ್ದೇನೆ. ಫ್ರೀಜರಿನ ಅಡುಗೆ ನಮ್ಮ ಸಂಸ್ಕೃತಿಯಲ್ಲ, ಅದು ಪರದೇಶದ ಚಾಳಿ ಎಂಬುದು ಅವರ ವಾದದ ತಿರುಳು.

ಉತ್ತರ ಕರ್ನಾಟಕದ ಅಡುಗೆಮನೆಯನ್ನು ಬಲ್ಲವರಿಗೆ ಈ ವಾದ ಸೋಜಿಗ ಹುಟ್ಟಿಸಬೇಕು. ಒಮ್ಮೆ ಮಾಡಿ ಹಲವು ದಿನ ಉಣ್ಣುವ ಕಲೆಯನ್ನು ಈ ಸೀಮೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಖಡಕ್ ರೊಟ್ಟಿ ಎಂದರೇನು? ಬೆಂದ ಜೋಳದ ರೊಟ್ಟಿಯನ್ನು ತೇವ ಆರುವವರೆಗೆ ಒಣಗಿಸಿ, ವಾರಗಟ್ಟಲೆ ಕೆಡದಂತೆ ಬುಟ್ಟಿಯಲ್ಲಿ ಜೋಡಿಸಿಟ್ಟ ಆಹಾರ. ಜೊತೆಗೆ ಶೇಂಗಾ, ಅಗಸಿ, ಗುರೆಳ್ಳುಗಳ ಹಿಂಡಿ; ಕೆಂಪು ಮೆಣಸಿನಕಾಯಿಯ ರಂಜಕ; ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒಣಗಿಸಿದ ಶಾವಿಗೆ, ಸಂಡಿಗೆ, ಹಪ್ಪಳ. ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೂ ಒಲೆ ಹೊತ್ತಿಸದೆಯೇ ತಾಟು ತುಂಬುವಂತೆ ಮಾಡಿದ ವ್ಯವಸ್ಥೆ ಇದು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಮನೆಮನೆಗಳಲ್ಲಿ ತಟ್ಟಿದ ರೊಟ್ಟಿಗಳು ಲಕ್ಷಗಳ ಲೆಕ್ಕದಲ್ಲಿ ದಾಸೋಹಕ್ಕೆ ಹರಿದುಬರುವುದು ಇದೇ ಗುಣದಿಂದ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭೆಗಳು ಉಕ್ಕಿ ಊರುಗಳು ಮುಳುಗಿದಾಗ ಸಂತ್ರಸ್ತರಿಗೆ ಹೊರೆಗಟ್ಟಲೆ ರೊಟ್ಟಿ-ಚಟ್ನಿ ತಲುಪಿಸಲು ಸಾಧ್ಯವಾದದ್ದೂ ಇದರಿಂದಲೇ. ಬಿಸಿ ಅನ್ನದ ಮೇಲೆಯೇ ಬದುಕಿದ್ದ ನಾಡಾಗಿದ್ದರೆ ಇದು ಆಗುತ್ತಿರಲಿಲ್ಲ.

ಖಡಕ್ ರೊಟ್ಟಿಗೂ ಫ್ರೀಜರಿಗೂ ವೈಜ್ಞಾನಿಕವಾಗಿ ಹತ್ತಿರದ ನೆಂಟಸ್ತಿಕೆ ಇದೆ. ಆಹಾರವನ್ನು ಕೆಡಿಸುವ ಸೂಕ್ಷ್ಮಾಣುಗಳಿಗೆ ಬದುಕಲು ನೀರು ಬೇಕು. ರೊಟ್ಟಿಯಲ್ಲಿ ನಾವು ಆ ನೀರನ್ನು ಉರಿಯಿಂದ ಹೊರಗಟ್ಟುತ್ತೇವೆ. ಫ್ರೀಜರಿನಲ್ಲಿ ಅದೇ ನೀರನ್ನು ಮಂಜುಗಡ್ಡೆಯಾಗಿಸಿ ಅವುಗಳ ಕೈಗೆ ಸಿಗದಂತೆ ಮಾಡುತ್ತೇವೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ 1910ರ ದಶಕದಲ್ಲಿ ಲ್ಯಾಬ್ರಡಾರಿನ ಕೊರೆಯುವ ಚಳಿಯಲ್ಲಿ ಅಲ್ಲಿನ ಮೂಲನಿವಾಸಿಗಳು ಹಿಡಿದ ಮೀನು ಕ್ಷಣಾರ್ಧದಲ್ಲಿ ಗಡ್ಡೆಕಟ್ಟುವುದನ್ನೂ, ತಿಂಗಳುಗಳ ನಂತರ ಬೇಯಿಸಿದರೂ ಅದರ ರುಚಿ ಕೆಡದಿರುವುದನ್ನೂ ಕಂಡು, ಮುಂದಿನ ದಶಕದಲ್ಲಿ ಅದನ್ನೇ ಉದ್ಯಮವಾಗಿಸಿದ. ಅವರಿಗೆ ಚಳಿ ಇತ್ತು, ನಮಗೆ ಬಿಸಿಲಿತ್ತು. ಎರಡೂ ಕಡೆ ಜನ ತಮ್ಮ ಹವೆಯನ್ನೇ ಉಗ್ರಾಣವಾಗಿ ಬಳಸಿಕೊಂಡರು.

ಹಾಗೆಂದು ಹಿರಿಯರ ಆತಂಕವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬಿಸಿಲಿನಲ್ಲಿ ಒಣಗಿಸುವ ವಿದ್ಯೆ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದಿತು. ಯಾವುದು ಎಷ್ಟು ದಿನ ಬಾಳುತ್ತದೆ ಎಂಬುದು ಕೈಗೆ ಗೊತ್ತಿತ್ತು. ಫ್ರೀಜರಿನ ವಿದ್ಯೆ ಹಾಗೆ ಇಳಿದು ಬಂದಿಲ್ಲ. ಮೈಸೂರಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, 1961ರಲ್ಲಿ ಸೈನಿಕರ ಆಹಾರಕ್ಕಾಗಿಯೇ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಗೊಂಡವು. ಆಹಾರ ಕಾಪಿಡುವ ಶಾಸ್ತ್ರದಲ್ಲಿ ದೇಶಕ್ಕೇ ಮಾರ್ಗದರ್ಶಕವಾದ ರಾಜ್ಯ ನಮ್ಮದು. ಆದರೂ ಆ ತಿಳಿವಳಿಕೆ ಅಡುಗೆಕಟ್ಟೆಯವರೆಗೆ ಬಂದದ್ದು ತೀರ ಕಡಿಮೆ. ಪರಿಣಾಮವಾಗಿ ಪೆಟ್ಟಿಗೆ ಮನೆಗೆ ಬಂದಿದೆ, ಅದರ ನಿಯಮಗಳು ಬಂದಿಲ್ಲ.

ಆ ನಿಯಮಗಳು ಕಠಿಣವೇನಲ್ಲ. ಮೊದಲನೆಯದಾಗಿ, ಶೈತ್ಯವು ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಅವು ತೀವ್ರವಾಗಿ ಬೆಳೆಯುತ್ತವೆ. ಆದ್ದರಿಂದ ದೊಡ್ಡ ಪಾತ್ರೆಯ ಸಾರನ್ನು ರಾತ್ರಿಯೆಲ್ಲ ಕಟ್ಟೆಯ ಮೇಲೆ ಆರಲು ಬಿಟ್ಟು ಬೆಳಿಗ್ಗೆ ಫ್ರೀಜರಿಗೆ ಸೇರಿಸುವುದು ಅಪಾಯವನ್ನೇ ಗಡ್ಡೆಕಟ್ಟಿಸಿಟ್ಟಂತೆ. ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ ಬೇಗ ಆರಿಸಿ, ಎರಡು ತಾಸಿನೊಳಗೆ ತಣ್ಣನೆಯ ಜಾಗಕ್ಕೆ ಸೇರಿಸಬೇಕು. ನಮ್ಮ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಒಂದೇ ತಾಸು. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಉಳಿದು, ಅನ್ನ ಬೆಚ್ಚಗೆ ಬಿದ್ದಿದ್ದಾಗ ವಿಷ ಉತ್ಪಾದಿಸಬಲ್ಲವು; ಮತ್ತೆ ಬಿಸಿಮಾಡಿದರೂ ಆ ವಿಷ ಅಳಿಯದು. ಫ್ರೀಜರಿನ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರಬೇಕು. ಒಂದು ಊಟಕ್ಕೆ ಒಂದು ಡಬ್ಬಿ, ಡಬ್ಬಿಯ ಮೇಲೆ ತಾರೀಖು, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕಿಳಿಸಿ ಕರಗಿಸುವುದು, ಹೊಗೆಯಾಡುವಂತೆ ಕುದಿಸುವುದು, ಒಮ್ಮೆ ಕರಗಿದ್ದನ್ನು ಪುನಃ ಗಡ್ಡೆಕಟ್ಟಿಸದಿರುವುದು—ಇಷ್ಟು ಶಿಸ್ತು ಇದ್ದರೆ ಎರಡು-ಮೂರು ತಿಂಗಳು ಭಯವಿಲ್ಲ. ವಿದ್ಯುತ್ ಹೋದಾಗ ಬಾಗಿಲು ತೆರೆಯದಿರುವುದೂ ಆ ಶಿಸ್ತಿನ ಭಾಗವೇ.

ಎಲ್ಲವೂ ಈ ಪೆಟ್ಟಿಗೆಗೆ ಒಗ್ಗುವುದಿಲ್ಲವೆಂಬುದನ್ನೂ ಒಪ್ಪಬೇಕು. ಮನೆಯ ಫ್ರೀಜರಿನಲ್ಲಿ ಆಹಾರ ನಿಧಾನವಾಗಿ ಹೆಪ್ಪುಗಟ್ಟುವುದರಿಂದ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ತರಕಾರಿಯ ಕೋಶಗಳನ್ನು ಸೀಳುತ್ತವೆ. ಹೀಗಾಗಿ ಬಟಾಟೆಯ ಪಲ್ಯ ನೀರೊಡೆಯುತ್ತದೆ, ಸೌತೆಕಾಯಿ ಜೋತುಬೀಳುತ್ತದೆ, ಮೊಸರು ಒಡೆದು ಬೇರಾಗುತ್ತದೆ. ಆದರೆ ಬೇಯಿಸಿದ ಮಡಕೆ, ಹೆಸರು, ಅಲಸಂದಿ ಕಾಳುಗಳು, ಬೇಳೆ, ಹೋಳಿಗೆಯ ಹೂರಣ, ಎಣ್ಣೆಗಾಯಿಗೆ ಅರೆದ ಮಸಾಲೆ, ಹುರಿದ ಉಳ್ಳಾಗಡ್ಡಿ-ಕೊಬ್ಬರಿ ಇವೆಲ್ಲ ಚೆನ್ನಾಗಿ ಬಾಳುತ್ತವೆ. ಪೂರ್ತಿ ಅಡುಗೆಯನ್ನೇ ಗಡ್ಡೆಕಟ್ಟಿಸದೆ ಅದರ ಮುಕ್ಕಾಲು ಪಾಲನ್ನು ಸಿದ್ಧವಾಗಿಟ್ಟು, ಒಗ್ಗರಣೆಯನ್ನು ಮಾತ್ರ ಆ ಹೊತ್ತಿಗೆ ಹಾಕಿದರೆ ರುಚಿಯೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಬಿಸಿ ಊಟ ಬೇಕೆನ್ನುವ ಹಿರಿಯರಿಗೂ ಸಮಾಧಾನವಾದೀತು.

ಇಷ್ಟಾದರೂ ಮುಖ್ಯ ಪ್ರಶ್ನೆಗೆ ಇನ್ನೂ ಬಂದಂತಾಗಲಿಲ್ಲ. ಒಲೆಯಿಂದ ಎಲೆಗೆ ಬೀಳುವ ಊಟದ ಆದರ್ಶದಲ್ಲಿ, ಒಲೆಯ ಮುಂದೆ ನಿಂತವರು ಯಾರು ಎಂಬುದನ್ನು ನಾವು ಕೇಳುವುದಿಲ್ಲ. ಬಿಸಿ ರೊಟ್ಟಿ ಒಂದೊಂದಾಗಿ ತಾಟಿಗೆ ಬೀಳುತ್ತಿರಬೇಕಾದರೆ ಒಬ್ಬಾಕೆ ಎಲ್ಲರ ಊಟ ಮುಗಿಯುವವರೆಗೆ ಹಂಚಿನ ಮುಂದೆ ಕೂಡಬೇಕು. ಕೊನೆಗೆ ಆಕೆ ಉಣ್ಣುವುದು ಆರಿದ ರೊಟ್ಟಿಯನ್ನೇ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ; ತೊಡಗಿದ ಪುರುಷರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಆಗಿದ್ದವು. ಮನೆಗೆಲಸದಲ್ಲಿ ಕೈಯನ್ನೇ ಹಾಕದ ಪುರುಷರು ಈ ಸರಾಸರಿಯಲ್ಲಿ ಸೇರಿಲ್ಲ ಎಂಬುದನ್ನು ನೆನಪಿಡಬೇಕು. ಐದು ವರ್ಷಗಳಲ್ಲಿ ಮಹಿಳೆಗೆ ಹತ್ತು ನಿಮಿಷ ಉಳಿಯಿತು. ಪುರುಷನಿಗೂ ಒಂಬತ್ತು ನಿಮಿಷ ಉಳಿಯಿತು. ಇಬ್ಬರ ನಡುವಿನ ಮೂರು ತಾಸಿಗೂ ಮಿಕ್ಕ ಅಂತರ ಇದ್ದಲ್ಲೇ ಇದೆ.

ನಮ್ಮ ಹಳೆಯ ಪದ್ಧತಿಗೂ ಇಂದಿನ ಪದ್ಧತಿಗೂ ಇರುವ ನಿಜವಾದ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ. ಬೇಸಿಗೆಯ ಶಾವಿಗೆ-ಸಂಡಿಗೆ ಓಣಿಯ ಕೆಲಸವಾಗಿತ್ತು. ಇಂದು ಇವರ ಮನೆಯಲ್ಲಿ, ನಾಳೆ ಅವರ ಮನೆಯಲ್ಲಿ ಎಂದು ನಾಲ್ಕು ಹೆಣ್ಣುಮಕ್ಕಳು ಕೂಡಿ ಮಾಡುತ್ತಿದ್ದರು. ಹಾಡು, ಹರಟೆ, ದುಃಖದ ಮಾತು ಎಲ್ಲವೂ ಆ ಹಿಟ್ಟಿನಲ್ಲಿ ಬೆರೆಯುತ್ತಿದ್ದವು. ಆ ಶ್ರಮವನ್ನು ನಾನು ವೈಭವೀಕರಿಸಲಾರೆ. ಅದೂ ಹೆಂಗಸರ ಬೆನ್ನ ಮೇಲೆಯೇ ನಡೆದಿತ್ತು. ಆದರೆ ಅದು ಒಂಟಿಯಾಗಿ ಮಾಡುವ ಕೆಲಸವಾಗಿರಲಿಲ್ಲ. ಇಂದು ಕೇಶ್ವಾಪುರದ ಅಪಾರ್ಟ್‌ಮೆಂಟಿನಲ್ಲಿ ಆರು ದಿನ ಕಚೇರಿಗೆ ಹೋದ ಮಹಿಳೆ ಏಳನೆಯ ದಿನ ಒಬ್ಬಳೇ ನಿಂತು ಮುಂದಿನ ಆರು ದಿನಗಳ ಅಡುಗೆ ಮಾಡುತ್ತಾಳೆ. ವಾರದ ದಿನಗಳಲ್ಲಿ ಉಳಿದ ಸಮಯ ಮನೆಯವರೆಲ್ಲರದ್ದು. ಕಳೆದ ರವಿವಾರ ಅವಳೊಬ್ಬಳದ್ದು. ಹೀಗಾದರೆ ಫ್ರೀಜರ್ ಯಾರ ಸಮಯವನ್ನೂ ಉಳಿಸಿದಂತಾಗಲಿಲ್ಲ, ಭಾರವನ್ನು ಒಂದು ದಿನಕ್ಕೆ ಒಟ್ಟುಮಾಡಿದಂತಾಯಿತು. ತಂಗಳ ಪೆಟ್ಟಿಗೆಯ ವಿರುದ್ಧ ನಾನು ಒಪ್ಪುವ ಆಕ್ಷೇಪ ಇದೊಂದೇ.

ಇದಕ್ಕೆ ಪರಿಹಾರವೂ ಉಂಟು. ತರಕಾರಿ ಹೆಚ್ಚುವುದು, ಕಾಳು ಬೇಯಿಸುವುದು, ಡಬ್ಬಿ ತುಂಬುವುದು, ಪಾತ್ರೆ ತೊಳೆಯುವುದು ಇವ್ಯಾವುದಕ್ಕೂ ‘ಕೈಗುಣ’ ಬೇಕಾಗಿಲ್ಲ. ನಿತ್ಯದ ಅಡುಗೆಯಲ್ಲಿ ಗಂಡಸರು ಹೇಳುವ ‘ಹೊತ್ತಿಲ್ಲ’ ಎಂಬ ನೆಪ ರಜೆಯ ದಿನಕ್ಕೆ ಅನ್ವಯಿಸದು. ಒಟ್ಟಿಗೆ ಮಾಡುವ ಅಡುಗೆಯ ದೊಡ್ಡ ಅನುಕೂಲ ಇದೇ: ಅದನ್ನು ಹಂಚಿಕೊಳ್ಳಬಹುದು. ಗಂಡ, ಹೆಂಡತಿ, ಬೆಳೆದ ಮಕ್ಕಳು ಎರಡು ತಾಸು ಕೂಡಿ ಕೆಲಸ ಮಾಡಿದರೆ ಆರು ದಿನ ನಿರಾಳ. ಮಿಕ್ಕ ರವಿವಾರವೂ ಎಲ್ಲರದ್ದಾಗುತ್ತದೆ. ಅಷ್ಟೂ ಆಗದ ಮನೆಗಳಿಗೆ ನಮ್ಮ ಊರಿನ ರೊಟ್ಟಿ ಕೇಂದ್ರಗಳಿವೆ. ಮನೆಯಲ್ಲಿಯೇ ರೊಟ್ಟಿ ತಟ್ಟಿ ಮಾರಿ ಮಕ್ಕಳನ್ನು ಓದಿಸಿದ ತಾಯಂದಿರು ಹುಬ್ಬಳ್ಳಿ-ಧಾರವಾಡದಲ್ಲಿ ಅನೇಕರಿದ್ದಾರೆ. ಅವರಿಂದ ಕೊಳ್ಳುವುದು ಸೋಮಾರಿತನವಲ್ಲ. ಆದರೆ ರೊಟ್ಟಿಯ ಬೆಲೆಗೆ ಚೌಕಾಸಿ ಮಾಡುವ ಮುನ್ನ, ಅದೇ ಕೆಲಸಕ್ಕೆ ನಮ್ಮ ಮನೆಯಲ್ಲಿ ಬೆಲೆಯನ್ನೇ ಕಟ್ಟಿರಲಿಲ್ಲ ಎಂಬುದನ್ನು ನೆನೆಯುವುದು ಒಳಿತು.

ಹೊತ್ತುಹೊತ್ತಿಗೆ ಬಿಸಿಯಾಗಿ ಮಾಡಿದ ಊಟದ ಸವಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಬೇಕೆನ್ನುವವರು ಮಾಡಿಕೊಳ್ಳಲಿ. ಬೇಕೆನ್ನುವವರೇ ಮಾಡಿಕೊಳ್ಳಲಿ ಎಂಬುದಷ್ಟೇ ನನ್ನ ನಿವೇದನೆ. ಉಳಿದ ಮನೆಗಳು ಡಬ್ಬಿಗೆ ತಾರೀಖು ಬರೆದು ಅಂಟಿಸುವಾಗ ಇನ್ನೊಂದು ಚೀಟಿಯನ್ನೂ ಬರೆದು ಫ್ರಿಜ್ಜಿನ ಬಾಗಿಲಿಗೆ ಹಚ್ಚಲಿ: ಬರುವ ರವಿವಾರ ಅಡುಗೆಕಟ್ಟೆಯ ಪಾಳಿ ಯಾರದ್ದೆಂದು.