ಬಾಡಿಗೆ ಒಪ್ಪುವ ಮೊದಲು ಕಿಲೋಮೀಟರಿನ ಲೆಕ್ಕ

ನಮ್ಮ ಕರಾವಳಿಯ ಬ್ಯಾರಿ ಮನೆಗಳಿಗೆ ಲಾರಿ ಹೊಸದಲ್ಲ. ಮೀನು, ಮರ, ಕೆಂಪು ಕಲ್ಲು, ಪಣಂಬೂರಿನ ಬಂದರಿನಿಂದ ಘಟ್ಟ ಹತ್ತುವ ಸರಕು, ಇವುಗಳ ಹಿಂದೆ ನಮ್ಮವರ ಬೆವರು ಬೇಕಾದಷ್ಟಿದೆ. ಹತ್ತು ವರ್ಷ ಬೇರೆಯವರ ಗಾಡಿಗೆ ಡ್ರೈವರ್ ಆಗಿದ್ದು, ಆಮೇಲೆ ಕೈಯಲ್ಲಿದ್ದ ಉಳಿತಾಯ, ಮನೆಯವಳ ಚಿನ್ನ, ಗಲ್ಫಿನಲ್ಲಿರುವ ಅಣ್ಣನ ಸಹಾಯ, ಉಳಿದದ್ದಕ್ಕೆ ಫೈನಾನ್ಸ್ ಎಂದು ಹೇಗೋ ಸ್ವಂತ ಗಾಡಿ ಮಾಡಿದವರು ಹೆಚ್ಚಿನ ಜಮಾಅತುಗಳಲ್ಲಿ ಸಿಗುತ್ತಾರೆ. ಅವರಲ್ಲಿ ಒಮ್ಮೆ ಕೇಳಿ ನೋಡಿ: ‘ನಿಮ್ಮ ಗಾಡಿ ಒಂದು ಕಿಲೋಮೀಟರ್ ಓಡಲಿಕ್ಕೆ ಎಷ್ಟು ಖರ್ಚು?’ ಡೀಸೆಲಿನ ಲೆಕ್ಕ ಥಟ್ಟನೆ ಬರುತ್ತದೆ. ಅದರಾಚೆ ಹೇಳುವವರು ಕಡಿಮೆ.

ಈ ಒಂದು ಸಂಖ್ಯೆ ಗೊತ್ತಿಲ್ಲದೆ ಫೋನಿನಲ್ಲಿ ‘ಆಯಿತು, ಲೋಡ್ ಮಾಡ್ತೇನೆ’ ಎಂದು ಒಪ್ಪುವುದೇ ನಮ್ಮ ಎಷ್ಟೋ ಗಾಡಿಗಳು ಫೈನಾನ್ಸಿನವರ ಪಾಲಾಗಲು ಕಾರಣ ಎಂಬುದು ನಮ್ಮ ಅಭಿಪ್ರಾಯ. ಬಾಡಿಗೆ ಕಡಿಮೆ, ಡೀಸೆಲ್ ಜಾಸ್ತಿ ಎಂಬ ದೂರು ಸುಳ್ಳಲ್ಲ. ಆದರೆ ಎಷ್ಟಕ್ಕಿಂತ ಕಡಿಮೆ ಎಂದು ಗೊತ್ತಿಲ್ಲದವನು ಬ್ರೋಕರಿನ ಎದುರು ಏನು ವಾದ ಮಾಡಿಯಾನು?

ಲೆಕ್ಕ ಕಷ್ಟದ್ದೇನೂ ಅಲ್ಲ. ಗಾಡಿಯ ಖರ್ಚಿನಲ್ಲಿ ಎರಡು ಬಗೆ. ಒಂದು, ಗಾಡಿ ಓಡಲಿ, ಅಂಗಳದಲ್ಲಿ ನಿಲ್ಲಲಿ, ತಿಂಗಳಾದರೆ ಬರುವ ಖರ್ಚು. ಸಾಲದ ಕಂತು, ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್, ಎಫ್‌ಸಿ ಎಲ್ಲ ಇದರಲ್ಲಿ ಬರುತ್ತವೆ. ಇನ್ನೊಂದು, ಚಕ್ರ ತಿರುಗಿದಷ್ಟೂ ಬರುವ ಖರ್ಚು. ಡೀಸೆಲ್, ಟಯರ್, ಆಯಿಲ್, ಟೋಲ್, ದಾರಿ ಖರ್ಚು ಇದಕ್ಕೆ ಸೇರಿದವು.

ಒಂದು ಉದಾಹರಣೆ ನೋಡುವಾ. ಹತ್ತು ಚಕ್ರದ ಲಾರಿ, ಮಂಗಳೂರು–ಬೆಂಗಳೂರು ಓಟ, ತಿಂಗಳಿಗೆ ಸುಮಾರು 5,000 ಕಿಲೋಮೀಟರ್. ಇಲ್ಲಿ ಕೊಡುವ ಮೊತ್ತಗಳು ಲೆಕ್ಕದ ದಾರಿ ತೋರಿಸಲಿಕ್ಕೆ ಮಾತ್ರ. ನಿಮ್ಮ ಗಾಡಿಯ ಮೊತ್ತವನ್ನು ನೀವೇ ಹಾಕಿಕೊಳ್ಳಬೇಕು.

ಕಂತು 38,000 ರೂಪಾಯಿ. ವರ್ಷದ ಇನ್ಶೂರೆನ್ಸ್ 72,000 ಆದರೆ ತಿಂಗಳಿಗೆ 6,000. ಟ್ಯಾಕ್ಸ್, ಪರ್ಮಿಟ್, ಎಫ್‌ಸಿ ಎಲ್ಲ ಸೇರಿ ವರ್ಷಕ್ಕೆ 48,000 ಎಂದರೆ ತಿಂಗಳಿಗೆ 4,000. ಪಾರ್ಕಿಂಗ್, ಫೋನ್ ಇತ್ಯಾದಿ 2,000. ಸ್ಟೇರಿಂಗ್ ಹಿಡಿಯುವವನ ಸಂಬಳ 25,000. ಒಟ್ಟು 75,000 ರೂಪಾಯಿ. 5,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 15 ರೂಪಾಯಿ.

ಇನ್ನು ಓಡುವ ಖರ್ಚು. ಡೀಸೆಲ್ ಲೀಟರಿಗೆ 90 ರೂಪಾಯಿ, ಮೈಲೇಜ್ 4 ಎಂದು ಹಿಡಿದರೆ ಕಿಲೋಮೀಟರಿಗೆ 22.50. ಹತ್ತು ಟಯರಿಗೆ 2 ಲಕ್ಷ, ಅವು 80,000 ಕಿಲೋಮೀಟರ್ ಬಂದರೆ 2.50. ಆಯಿಲ್, ಗ್ರೀಸ್, ರಿಪೇರಿ, ಹೊಸ ಬಿಎಸ್-6 ಗಾಡಿಯಾದರೆ ಆ್ಯಡ್‌ಬ್ಲೂ ಸೇರಿ 2.50. ಟೋಲ್ 3. ಊಟ, ಕ್ಲೀನರ್, ಟರ್ಪಾಲು, ಹಗ್ಗ, ಇತರ ಚಿಲ್ಲರೆ 1.50. ಒಟ್ಟು 32 ರೂಪಾಯಿ. ಎರಡೂ ಸೇರಿದರೆ ಕಿಲೋಮೀಟರಿಗೆ 47 ರೂಪಾಯಿ.

ಈಗ ಬ್ರೋಕರಿನ ಫೋನ್ ಬಂತು. ಬೆಂಗಳೂರಿಗೆ 26,000. ದೂರ ಸುಮಾರು 350 ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ 74 ರೂಪಾಯಿ. ನೋಡಲಿಕ್ಕೆ ಚಂದ! ಆದರೆ ಗಾಡಿ ವಾಪಸು ಬರಬೇಡವೇ? ಖಾಲಿ ಬಂದರೆ 700 ಕಿಲೋಮೀಟರ್ ಓಟ, ಖರ್ಚು 32,900. ಆ ರೌಂಡಿನಲ್ಲಿ 6,900 ರೂಪಾಯಿ ನಷ್ಟ.

ಆದರೆ ಈ ನಷ್ಟ ಕಣ್ಣಿಗೆ ಕಾಣುವುದಿಲ್ಲ. ದಾರಿಯಲ್ಲಿ ಕೈಯಿಂದ ಹೋಗುವ ದುಡ್ಡು ಸುಮಾರು 19,000 ಮಾತ್ರ. ಟಯರು, ರಿಪೇರಿಯ ಬಿಲ್ಲು ಇವತ್ತು ಬರುವುದಿಲ್ಲ. ಕಿಸೆಯಲ್ಲಿ ಆರೇಳು ಸಾವಿರ ಉಳಿಯುತ್ತದೆ. ಮನೆಗೆ ಬರುವಾಗ ಮೀನು ತರುತ್ತೇವೆ, ಮಕ್ಕಳಿಗೆ ತಿಂಡಿ ತರುತ್ತೇವೆ, ‘ಪರವಾಗಿಲ್ಲ, ಗಾಡಿ ಓಡ್ತಾ ಉಂಟು’ ಎನ್ನುತ್ತೇವೆ. ತಿಂಗಳ ಕಂತಿನ ದಿನ ಬಂದಾಗ ಕೈ ಖಾಲಿ. ಇನ್ಶೂರೆನ್ಸಿನ ತಿಂಗಳಲ್ಲಿ ಬಳೆ ಬ್ಯಾಂಕಿಗೆ ಹೋಗುತ್ತದೆ. ಟಯರ್ ಸವೆದಾಗ ಸರ. ಬಡ್ಡಿಯಿಂದ ದೂರ ಇರಿ ಎಂದು ನಾವು ಮದ್ರಸದಲ್ಲಿ ಕಲಿಸುತ್ತೇವೆ. ಲೆಕ್ಕ ಇಲ್ಲದ ಗಾಡಿ ಕೊನೆಗೆ ಹೋಗಿ ನಿಲ್ಲುವುದು ಅದೇ ಬಡ್ಡಿಯ ಬಾಗಿಲಲ್ಲಿ.

ಲೆಕ್ಕದಿಂದ ಹೆಚ್ಚಾಗಿ ಬಿಟ್ಟುಹೋಗುವುದು ಎರಡು. ಒಂದು, ಸ್ವಂತ ಸಂಬಳ. ‘ನನ್ನದೇ ಗಾಡಿ, ನನಗೆಂಥ ಸಂಬಳ?’ ಎನ್ನುವವರಿದ್ದಾರೆ. ನಾಳೆ ಜ್ವರ ಬಂದು ಮಲಗಿದರೆ ಬೇರೆ ಡ್ರೈವರನನ್ನು ಧರ್ಮಕ್ಕೆ ಕರೆಯಲಿಕ್ಕೆ ಆಗುತ್ತದೆಯೇ? ಬೇರೆಯವನಿಗೆ ಕೊಡಬೇಕಾದದ್ದು ನಮಗೂ ಸಲ್ಲಬೇಕು. ಇನ್ನೊಂದು, ಗಾಡಿಯ ಸವೆತ. ಕಂತು ಕಟ್ಟುವವನಿಗೆ ಅದು ಕಂತಿನೊಳಗೇ ಸ್ವಲ್ಪ ಬಂದುಹೋಗುತ್ತದೆ. ಸಾಲ ತೀರಿದವನು ಮಾತ್ರ ‘ಇನ್ನು ಎಲ್ಲ ಲಾಭ’ ಎಂದುಕೊಳ್ಳುತ್ತಾನೆ. ಗಾಡಿಗೆ ವಯಸ್ಸಾಗುತ್ತಲೇ ಇರುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ, ರಿಪೇರಿಯೂ ಹೆಚ್ಚು. ಆದ್ದರಿಂದ ಸಾಲ ತೀರಿದ ಮೇಲೂ ಕಂತಿನ ಒಂದು ಪಾಲನ್ನು ಗಾಡಿಯ ಹೆಸರಲ್ಲಿ ತೆಗೆದಿಡಬೇಕು.

ಫಿಕ್‌ಹ್ ಓದಿದವರಿಗೆ ಇದು ಹೊಸ ಮಾತಲ್ಲ. ಒಬ್ಬ ಹಣ ಹಾಕಿ ಇನ್ನೊಬ್ಬ ದುಡಿಯುವ ಮುದಾರಬ ವ್ಯವಹಾರದಲ್ಲಿ ಮೂಲ ಬಂಡವಾಳ ಉಳಿದ ಮೇಲೆ ಉಳಿಯುವುದೇ ಲಾಭ. ಗಲ್ಫಿನ ಅಣ್ಣನ ಹಣದಲ್ಲಿ ಊರಿನ ತಮ್ಮ ಗಾಡಿ ಓಡಿಸುವ ಮನೆಗಳು ಇದನ್ನು ಮನಸ್ಸಿಟ್ಟು ನೋಡಬೇಕು. ತಮ್ಮನ ಸಂಬಳ ಎಷ್ಟು, ಗಾಡಿಯ ಸವೆತ ಎಷ್ಟು ಎಂದು ಮೊದಲೇ ಬರೆದಿಡದೆ ತಿಂಗಳ ಕೊನೆಗೆ ‘ಲಾಭ’ ಹಂಚುತ್ತಾರೆ. ಐದು ವರ್ಷದ ನಂತರ ಗಾಡಿ ಮಾರಿದಾಗ ಹಾಕಿದ ಹಣದ ಕಾಲು ಭಾಗವೂ ಬಾರದೆ ಹೋದರೆ ಅಣ್ಣನಿಗೆ ಸಂಶಯ, ತಮ್ಮನಿಗೆ ಅವಮಾನ. ಯಾರೂ ಮೋಸ ಮಾಡಿರುವುದಿಲ್ಲ, ಆದರೂ ಸಂಬಂಧ ಮುರಿಯುತ್ತದೆ.

ಹಾಗಾದರೆ ಕಡಿಮೆ ಬಾಡಿಗೆಯ ಲೋಡನ್ನು ಹಿಡಿಯಲೇಬಾರದೇ? ಹಾಗಲ್ಲ. ಬೆಂಗಳೂರಿನಿಂದ ಬರುವಾಗ 10,000ಕ್ಕೆ ಲೋಡ್ ಸಿಕ್ಕಿದರೆ ರೌಂಡಿನ ಒಟ್ಟು ಬಾಡಿಗೆ 36,000. ಲೋಡ್ ಇದ್ದುದಕ್ಕೆ ಡೀಸೆಲ್ ಸ್ವಲ್ಪ ಹೆಚ್ಚು ಸುಟ್ಟರೂ 6,900ರ ನಷ್ಟದ ಜಾಗದಲ್ಲಿ ಎರಡು ಮೂರು ಸಾವಿರ ಉಳಿಯುತ್ತದೆ. ಆದರೆ ಆ ಲೋಡಿಗಾಗಿ ಮೂರು ದಿನ ಕಾದರೆ? ನಿಂತ ಗಾಡಿಯ ಖರ್ಚು ದಿನಕ್ಕೆ 2,500, ಮೂರು ದಿನಕ್ಕೆ 7,500. ಹತ್ತು ಸಾವಿರದ ಹೆಚ್ಚಿನ ಭಾಗ ಅಲ್ಲೇ ಮುಗಿಯಿತು. ಒಂದು ದಿನ ಕಾಯುವುದು ಲಾಭವೋ, ಖಾಲಿ ಬಂದು ಇಲ್ಲಿಂದ ಇನ್ನೊಂದು ಲೋಡ್ ಹಿಡಿಯುವುದು ಲಾಭವೋ ಎಂದು ಹೇಳುವುದು ಈ ಸಂಖ್ಯೆಯೇ.

ಮಳೆಗಾಲದ್ದು ಬೇರೆಯೇ ಲೆಕ್ಕ. 2018ರಲ್ಲಿ, ಮತ್ತೆ 2024ರಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು ಎಲ್ಲರಿಗೂ ನೆನಪಿದೆ. ಅಂಥ ತಿಂಗಳಲ್ಲಿ ಓಟ 5,000ದಿಂದ 3,000ಕ್ಕೆ ಇಳಿದರೆ ಅದೇ 75,000 ಕಿಲೋಮೀಟರಿಗೆ 25 ರೂಪಾಯಿ ಆಗುತ್ತದೆ. ಒಟ್ಟು ಖರ್ಚು 47 ಅಲ್ಲ, 57. ಸುತ್ತು ದಾರಿಯಲ್ಲಿ ಹೋದರೆ ಡೀಸೆಲ್ ಬೇರೆ. ಹಾಗಾಗಿ ಒಂದು ತಿಂಗಳ ಲೆಕ್ಕ ನೋಡಿ ಖುಷಿಪಡಬಾರದು, ವರ್ಷದ ಲೆಕ್ಕ ತೆಗೆದು ಹನ್ನೆರಡರಿಂದ ಭಾಗಿಸಬೇಕು. ಡೀಸೆಲ್ ದರವೂ 2017ರ ಜೂನಿನಿಂದ ದಿನದಿನ ಬದಲಾಗುವ ಪದ್ಧತಿಗೆ ಬಂದಿದೆ. ನಮ್ಮ ಉದಾಹರಣೆಯ ಗಾಡಿಗೆ ಲೀಟರಿಗೆ 4 ರೂಪಾಯಿ ಏರಿದರೆ ಕಿಲೋಮೀಟರಿಗೆ 1 ರೂಪಾಯಿ, ರೌಂಡಿಗೆ 700 ರೂಪಾಯಿ. ಬಾಡಿಗೆ ಮಾತಾಡುವಾಗ ಆ 700 ಕೇಳಬೇಕು.

ಲೆಕ್ಕ ಸರಿಹೋಗದಿದ್ದಾಗ ಮನುಷ್ಯ ಏನು ಮಾಡುತ್ತಾನೆ? ನಾಲ್ಕು ಟನ್ ಜಾಸ್ತಿ ಹಾಕುತ್ತಾನೆ, ಇಲ್ಲವೇ ನಿದ್ದೆ ಬಿಟ್ಟು ಇನ್ನೊಂದು ರೌಂಡ್ ಹೊಡೆಯುತ್ತಾನೆ. ಹತ್ತು ಚಕ್ರದ ಗಾಡಿಗೆ ಸರಕು ಸೇರಿ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿದ್ದಾರೆ. ಅದನ್ನೂ ಮೀರಿದರೆ 2019ರ ತಿದ್ದುಪಡಿ ಕಾಯ್ದೆಯಲ್ಲಿ ಇರುವ ದಂಡ 20,000, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಟಯರ್ ಒಡೆಯುವುದು, ಪ್ಲೇಟ್ ತುಂಡಾಗುವುದು ಬೇರೆ. ಇನ್ನು ನಿದ್ದೆ ಬಿಟ್ಟು ಘಾಟಿ ಇಳಿಯುವವನ ಮಾತು. ಆ ದಾರಿಯಲ್ಲಿ ಎದುರಿನಿಂದ ಬರುವ ಬಸ್ಸಿನಲ್ಲಿ ಯಾರದೋ ಮಕ್ಕಳಿರುತ್ತಾರೆ. ಅವನ ಮಕ್ಕಳು ಮನೆಯಲ್ಲಿ ಬಾಪ ಬರುವುದನ್ನು ಕಾಯುತ್ತಿರುತ್ತಾರೆ. ಕಿಲೋಮೀಟರಿಗೆ ಹತ್ತು ರೂಪಾಯಿ ಕಡಿಮೆಗೆ ಒಪ್ಪಿಕೊಂಡದ್ದಕ್ಕೆ ಜೀವವನ್ನು ಬೆಲೆಯಾಗಿ ಕೊಡುವಂತಾಗಬಾರದು.

‘ರಿಜ್ಕ್ ಅಲ್ಲಾಹನ ಕೈಯಲ್ಲಿದೆ, ಲೆಕ್ಕ ಹಾಕಿದರೆ ಬರ್ಕತ್ ಹೋಗುತ್ತದೆ’ ಎನ್ನುವವರೂ ನಮ್ಮಲ್ಲಿದ್ದಾರೆ. ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವುದರ ಬಗ್ಗೆ ಇದೆ? ಸಾಲದ ವ್ಯವಹಾರವನ್ನು, ಸಣ್ಣದಿರಲಿ ದೊಡ್ಡದಿರಲಿ, ಬರೆದಿಡುವ ಬಗ್ಗೆ. ಬರೆಯುವುದರಿಂದ ಬರ್ಕತ್ ಹೋಗುವುದಾಗಿದ್ದರೆ ಆ ಆಜ್ಞೆ ಬರುತ್ತಿತ್ತೇ?

ಬರೆಯುವುದಾದರೂ ಎಷ್ಟು? ಒಂದು ನೂರು ಪೇಜಿನ ಪುಸ್ತಕ ಸಾಕು. ಹೊರಡುವಾಗಿನ ಮೀಟರ್, ಬಂದಾಗಿನ ಮೀಟರ್. ಟ್ಯಾಂಕ್ ಫುಲ್ ಮಾಡಿಸಿ ಹೊರಟು, ಬಂದು ಮತ್ತೆ ಫುಲ್ ಮಾಡಿಸಿದಾಗ ಹಿಡಿದ ಲೀಟರ್. ಮೈಲೇಜನ್ನು ಹೋಗಿ ಬಂದ ಪೂರ್ತಿ ರೌಂಡಿಗೆ ತೆಗೆಯಬೇಕು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಹತ್ತುವಾಗಿನ ಡೀಸೆಲೂ ಇಳಿಯುವಾಗಿನ ಡೀಸೆಲೂ ಒಂದಲ್ಲ. ಆಮೇಲೆ ಬಂದ ಬಾಡಿಗೆ, ಬರಬೇಕಾದ ಬ್ಯಾಲೆನ್ಸ್, ಆದ ಖರ್ಚು. ಇಷ್ಟೇ. ಮೂರು ತಿಂಗಳು ಬರೆದರೆ ನಿಮ್ಮ ಗಾಡಿಯ ಸಂಖ್ಯೆ ನಿಮ್ಮ ಕೈಯಲ್ಲಿ. ಬ್ರೋಕರ್ ಟನ್ನಿನ ಲೆಕ್ಕದಲ್ಲಿ ಮಾತಾಡಿದರೆ ರೌಂಡಿನ ಖರ್ಚನ್ನು ಟನ್ನಿನಿಂದ ಭಾಗಿಸಿ. 32,900ನ್ನು 18 ಟನ್ನಿಗೆ ಹಂಚಿದರೆ ಟನ್ನಿಗೆ ಸುಮಾರು 1,830. ವಾಪಸು ಲೋಡಿನ ಭರವಸೆ ಇಲ್ಲದಿದ್ದರೆ ಇದಕ್ಕಿಂತ ಕೆಳಗೆ ಇಳಿಯಬಾರದು.

ರಾತ್ರಿ ಓಡಿಸಿ ದಣಿದು ಬಂದವನಿಗೆ ಬರೆಯಲಿಕ್ಕೆ ಪುರುಸೊತ್ತು ಇರುವುದಿಲ್ಲ ಎನ್ನಬಹುದು. ಇವತ್ತು ನಮ್ಮ ಎಷ್ಟೋ ಮನೆಗಳಲ್ಲಿ ಪಿಯುಸಿ ಕಾಮರ್ಸ್ ಓದಿದ ಮಗಳಿದ್ದಾಳೆ, ಡಿಗ್ರಿ ಓದಿದ ಸೊಸೆ ಇದ್ದಾಳೆ. ಚೀಟಿಗಳನ್ನು ಅವರ ಕೈಗೆ ಕೊಡಿ. ಗಾಡಿಗಾಗಿ ಚಿನ್ನ ಕೊಟ್ಟ ಮನೆಯವಳಿಗೆ ಗಾಡಿಯ ಲೆಕ್ಕ ನೋಡುವ ಹಕ್ಕೂ ಇದೆ. ಬ್ರೋಕರಿನ ಫೋನ್ ಬಂದಾಗ ‘ಐದು ನಿಮಿಷ, ಮನೆಯಲ್ಲಿ ಕೇಳಿ ಹೇಳ್ತೇನೆ’ ಎನ್ನುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರ್ಕತ್ ನೀಡಲಿ, ದಾರಿಯಲ್ಲಿರುವ ನಮ್ಮವರನ್ನು ಕ್ಷೇಮವಾಗಿ ಮನೆ ಸೇರಿಸಲಿ.